ಎಲ್ಲಿಂದ ಬಂತು ಈ ವೈರಸ್? ರೋಗಮೂಲದ ವಾದದಲ್ಲಿ ವಿಜ್ಞಾನಿಯ ಕೆಲಸ



ಕೋವಿಡ್ ವೈರಸ್ ಎಲ್ಲಿಂದ ಬಂತು ಎಂಬ ವಾದ ಇನ್ನೂ ಮುಗಿದಿಲ್ಲ. ವುಹಾನಿನ ಪ್ರಾಣಿ ಮಾರುಕಟ್ಟೆಯಿಂದ ಎನ್ನುವವರಿದ್ದಾರೆ, ಅದೇ ಊರಿನ ಪ್ರಯೋಗಾಲಯದಿಂದ ಎನ್ನುವವರೂ ಇದ್ದಾರೆ. 2020ರ ಜೂನಿನಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕೆಲಸಗಾರರಲ್ಲಿ ಸೋಂಕು ಹಬ್ಬಿದಾಗ ನಮ್ಮ ಬಳ್ಳಾರಿ ಜಿಲ್ಲೆಯ ಮನೆಮನೆಯಲ್ಲೂ ಈ ಮಾತು ನಡೆದಿತ್ತು. ಆ ವಾದದಲ್ಲಿ ಯಾರು ಗೆದ್ದರು ಎಂದು ತೀರ್ಪು ಕೊಡುವುದು ಇವತ್ತಿನ ನನ್ನ ವಿಷಯವಲ್ಲ. ಇಂಥ ವಾದ ಎದ್ದಾಗ ವಿಜ್ಞಾನಿಯಾದವನು ಏನು ಮಾಡಬೇಕು, ಏನು ಮಾಡಬಾರದು ಎಂಬುದಷ್ಟೇ ನನ್ನ ವಿಷಯ. ಅದನ್ನು ತಿಳಿಯಲು ಚೀನಾಕ್ಕೆ ಹೋಗಬೇಕಾಗಿಲ್ಲ, ಶಿವಮೊಗ್ಗ ಜಿಲ್ಲೆಯ ಸೊರಬಕ್ಕೆ ಹೋದರೆ ಸಾಕು.

1957ರ ಬೇಸಿಗೆಯ ಮೊದಲಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಪ್ಪು ಮೂತಿಯ ಮುಸಿಯಗಳೂ ಸತ್ತವು, ನಮ್ಮ ಹಂಪಿ, ಕುರುಗೋಡಿನ ಗುಡ್ಡಗಳಲ್ಲಿ ಕಾಣುವ ಸಾಮಾನ್ಯ ಮಂಗಗಳೂ ಸತ್ತವು. ಅದೇ ಹೊತ್ತಿಗೆ ಸೌದೆಗೆ, ಸೊಪ್ಪಿಗೆ, ದನ ಮೇಯಿಸಲು ಕಾಡಿಗೆ ಹೋಗಿ ಬಂದವರು ಮಲಗಿದರು. ಸುಡುವ ಜ್ವರ, ತಡೆಯಲಾಗದ ತಲೆನೋವು, ಸೊಂಟ ಮತ್ತು ಮೀನಖಂಡಗಳಲ್ಲಿ ಹಿಂಡುವ ನೋವು, ಕೆಲವರಿಗೆ ಮೂಗು, ವಸಡುಗಳಿಂದ ರಕ್ತ. ಜನ ಅದನ್ನು ಮಂಗನ ಕಾಯಿಲೆ ಎಂದರು. ವೈದ್ಯಪುಸ್ತಕಕ್ಕೆ ಅದು ಕ್ಯಾಸನೂರು ಕಾಡಿನ ಕಾಯಿಲೆ ಎಂದು ಸೇರಿತು.

ಈ ಕಾಯಿಲೆ ಜಗತ್ತಿಗೆ ಹಬ್ಬಲಿಲ್ಲ, ನಿಜ. ಆದರೆ ಆ ವರ್ಷ ಏಷ್ಯಾಕ್ಕೆಲ್ಲ ಹಬ್ಬೀತು ಎಂಬ ಭಯವಿತ್ತು. ಪುಣೆಯಲ್ಲಿ 1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ ಒಂದು ವೈರಸ್ ಸಂಶೋಧನಾ ಕೇಂದ್ರ ತೆರೆದಿದ್ದವು. ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ. ಆಗ ಅದರ ನಿರ್ದೇಶಕರಾಗಿದ್ದವರು ಟೆಲ್ಫೋರ್ಡ್ ವರ್ಕ್. ಮಂಗಗಳು ಸಾಯುತ್ತಿವೆ, ಹಿಂದೆಯೇ ಮನುಷ್ಯರಿಗೆ ರಕ್ತಸ್ರಾವದ ಜ್ವರ ಎಂದೊಡನೆ ಅವರ ಮನಸ್ಸು ದಕ್ಷಿಣ ಅಮೆರಿಕದ ಕಾಡುಗಳಿಗೆ ಓಡಿತು. ಅಲ್ಲಿ ಮಂಗಗಳ ಸಾವು ಹಳದಿ ಜ್ವರದ ಮುನ್ಸೂಚನೆ. ಹಳದಿ ಜ್ವರ ಏಷ್ಯಾಕ್ಕೆ ಯಾವತ್ತೂ ಬಂದು ನೆಲೆಸಿದ್ದಿಲ್ಲ. ಅದನ್ನು ಹರಡುವ ಈಡಿಸ್ ಸೊಳ್ಳೆ ಮಾತ್ರ ನಮ್ಮ ಊರೂರಿನ ನೀರಿನ ತೊಟ್ಟಿಗಳಲ್ಲಿದೆ. ಜನರ ಮೈಯಲ್ಲಿ ಆ ರೋಗದ ವಿರುದ್ಧ ರಕ್ಷಣೆ ಎಂಬುದೇ ಇಲ್ಲ. ಹೊಕ್ಕರೆ ಏನಾದೀತು ಎಂದು ಊಹಿಸಿದವರ ಎದೆ ನಡುಗಿತ್ತು.

ಇಲ್ಲಿ ವಿಜ್ಞಾನಿಯ ಮೊದಲ ಕೆಲಸ ಕಾಣುತ್ತದೆ. ಭಯಕ್ಕೆ ಹೆಸರಿಟ್ಟು ಘೋಷಣೆ ಹೊರಡಿಸಲಿಲ್ಲ. ವರ್ಕ್ ಮತ್ತು ಅವರ ಸಂಗಡಿಗ ಹೆರಾಲ್ಡ್ ಟ್ರಪಿಡೊ ತಂಡ ಕಟ್ಟಿಕೊಂಡು ಕಾಡಿಗೆ ಬಂದರು. ಸತ್ತ ಮುಸಿಯದ ಅಂಗಾಂಶದಿಂದ ವೈರಸ್ ಬೇರ್ಪಡಿಸಿದರು. ಅದು ಹಳದಿ ಜ್ವರದ್ದಲ್ಲ. ಸೊಳ್ಳೆಯಿಂದಲ್ಲ, ಉಣ್ಣಿಯಿಂದ ಹರಡುವಂಥದ್ದು. ರಷ್ಯಾದಲ್ಲಿ ವಸಂತ-ಬೇಸಿಗೆಯಲ್ಲಿ ಕಾಣಿಸಿಕೊಳ್ಳುವ ಮಿದುಳು ಜ್ವರದ ವೈರಸ್ಸಿಗೆ, ಸೈಬೀರಿಯಾದ ಓಮ್ಸ್ಕ್ ರಕ್ತಸ್ರಾವ ಜ್ವರದ ವೈರಸ್ಸಿಗೆ ಇದು ಹತ್ತಿರದ ಸಂಬಂಧಿ. ಒಂದು ಭಯ ಹೋಯಿತು, ಅದರ ಜಾಗದಲ್ಲಿ ಒಂದು ಒಗಟು ಕುಳಿತಿತು. ಹಿಮದ ನಾಡಿನ ವೈರಸ್ಸಿನ ನೆಂಟ ಮಲೆನಾಡಿಗೆ ಬಂದದ್ದು ಹೇಗೆ?

ಹಕ್ಕಿ ತಂದಿರಬೇಕು ಎಂಬುದು ವರ್ಕ್ ಮುಂದಿಟ್ಟ ಊಹೆ. ನಮ್ಮ ಜಿಲ್ಲೆಯವರಿಗೆ ಇದು ತಟ್ಟನೆ ನಂಬಿಕೆಯಾಗುವಂಥದ್ದು. ಹಿಂಗಾರಿ ಜೋಳದ ಹೊಲಗಳ ಮೇಲೆ ಮೋಡದಂತೆ ಬಂದಿಳಿಯುವ ಗುಲಾಬಿ ಕಬ್ಬಕ್ಕಿ ಮಧ್ಯ ಏಷ್ಯಾದ್ದು. ಹತ್ತಿರದ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆಯ ಹೆಬ್ಬಾತು ಮಂಗೋಲಿಯಾ, ಟಿಬೆಟ್‌ಗಳ ಕಡೆಯದು. ಹಕ್ಕಿಯ ರೆಕ್ಕೆಯಡಿ ಉಣ್ಣಿ, ಉಣ್ಣಿಯ ಹೊಟ್ಟೆಯಲ್ಲಿ ವೈರಸ್. ಕೇಳಲು ಸಲೀಸು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪಕ್ಷಿತಜ್ಞ ಸಾಲಿಂ ಅಲಿ ವಲಸೆ ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸಿ ಬಿಡುವ ದೊಡ್ಡ ಕಾರ್ಯಕ್ರಮ ಶುರುಮಾಡಿದರು. ಹಕ್ಕಿ ಯಾವ ದಾರಿಯಲ್ಲಿ ಬರುತ್ತದೆ, ಮೈಮೇಲೆ ಏನು ಹೊತ್ತು ತರುತ್ತದೆ ಎಂದು ನೋಡುವುದು ಅದರ ಉದ್ದೇಶ. ನಮ್ಮ ದೇಶದ ಹಕ್ಕಿಗಳ ವಲಸೆಯ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಈ ಕೆಲಸದಿಂದಲೇ ಬಂದದ್ದು. ಆದರೆ ಸೈಬೀರಿಯಾದಿಂದ ಈ ವೈರಸ್ಸನ್ನು ಹೊತ್ತು ತಂದ ಹಕ್ಕಿ ಮಾತ್ರ ಸಿಗಲಿಲ್ಲ.

ಊಹೆ ಚಂದವಿತ್ತು, ಊಹಿಸಿದವರು ದೊಡ್ಡವರು, ಹಣವೂ ಇತ್ತು. ಆದರೂ ಅದನ್ನು ಬಿಟ್ಟುಕೊಡಬೇಕಾಯಿತು. ಅದಕ್ಕೆ ಕಾರಣವಾದ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ರೋಗಮೂಲದ ವಾದದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಈ ಕೆಲಸವೇ.

ಸಾಗರದಲ್ಲಿ ಪುಣೆಯ ಕೇಂದ್ರದ ಒಂದು ಕ್ಷೇತ್ರ ಠಾಣೆ ಇತ್ತು. ಅಲ್ಲಿ ಕೊಲಂಬಿಯಾ ದೇಶದ ಹೋರ್ಹೆ ಬೋಶೆಲ್, ನಮ್ಮವರೇ ಆದ ಪಿ.ಕೆ. ರಾಜಗೋಪಾಲನ್ ಮತ್ತು ಅವರ ಸಂಗಡಿಗರು ಕಾಡಿನ ನೆಲವನ್ನು ಓದುತ್ತಿದ್ದರು. ಓದುವ ವಿಧಾನ ಹೀಗೆ. ಬಿಳಿಯ ದಪ್ಪ ಬಟ್ಟೆಯೊಂದನ್ನು ಕೋಲಿಗೆ ಕಟ್ಟಿ, ತರಗೆಲೆಯ ಮೇಲೆ, ಪೊದೆಯ ಬುಡದಲ್ಲಿ ನಿಧಾನವಾಗಿ ಎಳೆಯುತ್ತ ನಡೆಯಬೇಕು. ದಾರಿಹೋಕ ಪ್ರಾಣಿಗಾಗಿ ಎಲೆಯ ತುದಿಯಲ್ಲಿ ಮುಂಗಾಲು ಚಾಚಿ ಕಾದಿರುವ ಉಣ್ಣಿ ಬಟ್ಟೆಗೆ ಅಂಟಿಕೊಳ್ಳುತ್ತದೆ. ಮರಿ ಉಣ್ಣಿ ಎಳ್ಳುಕಾಳಿಗಿಂತ ಚಿಕ್ಕದು. ಅದನ್ನು ಚಿಮುಟದಿಂದ ಒಂದೊಂದಾಗಿ ಎತ್ತಿ ಸೀಸೆಗೆ ಹಾಕಬೇಕು. ಯಾವ ಜಾಗ, ಯಾವ ದಿನ, ಬಿದಿರುಮೆಳೆಯೋ ಲಂಟಾನದ ಪೊದೆಯೋ ದನದ ಹಾದಿಯೋ ಎಂದು ಬರೆದಿಡಬೇಕು. ಆಮೇಲೆ ಒಂದೇ ಜಾತಿಯವನ್ನು ಗುಂಪು ಮಾಡಿ ಅರೆದು, ಹುಟ್ಟಿ ಎರಡು ಮೂರು ದಿನವಾದ ಇಲಿಮರಿಗಳ ಮಿದುಳಿಗೆ ಚುಚ್ಚಿ, ಮರಿ ಸಾಯುತ್ತದೆಯೇ ಎಂದು ಕಾಯಬೇಕು. ಸತ್ತರೆ ಅದರ ಮಿದುಳಿನಲ್ಲಿ ಇರುವುದು ಯಾವ ವೈರಸ್ ಎಂದು ಪತ್ತೆ ಮಾಡಬೇಕು. ಇದು ವರ್ಷಗಟ್ಟಲೆಯ ಕೆಲಸ. ಅರೆಯುವವನಿಗೂ ಎಳೆಯುವವನಿಗೂ ಸೋಂಕು ತಗಲುವ ಅಪಾಯ ಪ್ರತಿದಿನ.

ಈ ಕೆಲಸದಿಂದ ಕಾಡಿನ ಚಕ್ರ ಬಿಡಿಸಿಕೊಂಡಿತು. ಮುಖ್ಯ ಅಪರಾಧಿ ಹಿಮಾಫಿಸಾಲಿಸ್ ಸ್ಪಿನಿಜೆರಾ ಎಂಬ ಉಣ್ಣಿ. ಮಲೆನಾಡಿನವರು ಉಣುಗು ಎನ್ನುವುದು ಇಂಥವನ್ನೇ. ಮಳೆಗಾಲದಲ್ಲಿ ಬೆಳೆದ ಉಣ್ಣಿ ದೊಡ್ಡ ಪ್ರಾಣಿಗಳ ರಕ್ತ ಹೀರಿ ನೆಲಕ್ಕೆ ಬಿದ್ದು ಮೊಟ್ಟೆ ಇಡುತ್ತದೆ. ಮಳೆ ಹಿಂದಾದ ಮೇಲೆ ಮರಿಗಳು ಹೊರಡುತ್ತವೆ, ಇಲಿ, ಮೂಗಿಲಿ, ನೆಲದ ಮೇಲೆ ಆಡುವ ಹಕ್ಕಿ, ಮಂಗ ಇವುಗಳ ಮೈ ಹತ್ತುತ್ತವೆ. ಡಿಸೆಂಬರಿನಿಂದ ಮೇ ತನಕ ನಡುವಯಸ್ಸಿನ ಉಣ್ಣಿಗಳ ಕಾಲ. ಮಂಗನ ಕಾಯಿಲೆಯ ಕಾಲವೂ ಅದೇ. ಸತ್ತ ಮಂಗದ ಮೈ ತಣ್ಣಗಾದಂತೆ ಉಣ್ಣಿಗಳು ಉದುರಿ ಅದರ ಸುತ್ತಲಿನ ನೆಲವೆಲ್ಲ ವಿಷದ ಮಡುವಾಗುತ್ತದೆ. ಸೌದೆಗೆ ಬಂದವರು ಅಲ್ಲಿ ಕಾಲಿಡುತ್ತಾರೆ.

ಬೋಶೆಲ್ 1969ರಲ್ಲಿ ಪ್ರಕಟಿಸಿದ ಲೇಖನದ ವಾದ ಹಕ್ಕಿಯ ಕಥೆಯನ್ನು ತಲೆಕೆಳಗು ಮಾಡಿತು. ವೈರಸ್ ಹೊರಗಿನಿಂದ ಬಂದದ್ದಲ್ಲ, ಈ ಕಾಡಿನ ಸಣ್ಣ ಪ್ರಾಣಿಗಳಲ್ಲಿ, ಉಣ್ಣಿಗಳಲ್ಲಿ ಸದ್ದಿಲ್ಲದೆ ಸುತ್ತುತ್ತಿತ್ತು. ಬದಲಾದದ್ದು ಕಾಡು. ಜನ ಹೆಚ್ಚಿದರು, ಕಾಡಿನ ಅಂಚನ್ನು ಕಡಿದು ಗದ್ದೆ, ಮನೆ ಮಾಡಿದರು, ಕಡಿದ ಜಾಗದಲ್ಲಿ ಲಂಟಾನ ಎದ್ದಿತು, ಅಲ್ಲಿಗೆ ದನಗಳು ಮೇಯಲು ಹೋದವು. ಬೆಳೆದ ಉಣ್ಣಿಗೆ ದನಕ್ಕಿಂತ ಒಳ್ಳೆಯ ಊಟವಿಲ್ಲ. ಉಣ್ಣಿಯ ಸಂಖ್ಯೆ ಏರಿತು, ಮೌನವಾಗಿದ್ದ ಸೋಂಕು ಮಂಗಕ್ಕೂ ಮನುಷ್ಯನಿಗೂ ತಲುಪಿತು. ಈ ವಾದಕ್ಕೆ ಒತ್ತಾಸೆಯಾದ ಇನ್ನೊಂದು ಸಾಕ್ಷ್ಯ ಮೊದಲೇ ಇತ್ತು. ಸ್ಮಿತ್‌ಬರ್ನ್, ಕೆರ್, ಗಾತ್ನೆ ಎಂಬ ಮೂವರು 1952ರಲ್ಲಿ ದೇಶದ ಬೇರೆ ಬೇರೆ ಕಡೆ ಜನರ ರಕ್ತ ಸಂಗ್ರಹಿಸಿ ಪರೀಕ್ಷಿಸಿದ್ದರು. ಕಛ್, ಸೌರಾಷ್ಟ್ರಗಳ ಜನರ ರಕ್ತದಲ್ಲಿ ರಷ್ಯಾದ ಮಿದುಳು ಜ್ವರದ ವೈರಸ್ ಗುಂಪಿಗೆ ಪ್ರತಿಕಾಯಗಳು ಸಿಕ್ಕಿದ್ದವು. ಅಂದರೆ ಕ್ಯಾಸನೂರಿನಲ್ಲಿ ಮಂಗ ಸಾಯುವ ಐದು ವರ್ಷ ಮೊದಲೇ, ನೂರಾರು ಮೈಲಿ ದೂರದಲ್ಲಿ, ಈ ಬಗೆಯ ವೈರಸ್ ಮನುಷ್ಯರನ್ನು ಮುಟ್ಟಿತ್ತು ಎಂಬ ಸುಳಿವು. ಬೇರೆ ಉದ್ದೇಶಕ್ಕೆ ತೆಗೆದ ರಕ್ತ ಮುಂದೆ ಹುಟ್ಟಲಿದ್ದ ವಾದಕ್ಕೆ ಸಾಕ್ಷಿ ನುಡಿಯಿತು.

ಹಾಗಾದರೆ 'ಎಲ್ಲಿಂದ ಬಂತು' ಎಂಬುದು ತಪ್ಪು ಪ್ರಶ್ನೆಯೇ? ಅಲ್ಲ. ಆದರೆ ಆ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಕೂಡಿಕೊಂಡಿರುತ್ತವೆ. ವೈರಸ್ ಯಾವ ಜೀವಿಯಲ್ಲಿತ್ತು, ಯಾವ ದಾರಿಯಲ್ಲಿ ಮನುಷ್ಯನನ್ನು ಮುಟ್ಟಿತು ಎಂಬುದು ಒಂದು. ಇದಕ್ಕೆ ಹೊಣೆ ಯಾರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಗುವ ಮುನ್ನ ಎರಡನೆಯದಕ್ಕೆ ಉತ್ತರ ಕೊಡುವ ಆತುರ ರಾಜಕಾರಣಿಗೆ ಇರಬಹುದು, ಪತ್ರಿಕೆಗೆ ಇರಬಹುದು. ವಿಜ್ಞಾನಿಗೆ ಇರಕೂಡದು.

ಈ ಎರಡೂ ಕಲಸಿಹೋದ ಪ್ರಸಂಗವೂ ನಮ್ಮಲ್ಲೇ ಇದೆ. ಹಕ್ಕಿಗಳ ಅಧ್ಯಯನಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಹಣ ನಿಂತ ಮೇಲೆ ಅಮೆರಿಕದ ಸೇನೆಯ ಸಂಶೋಧನಾ ವಿಭಾಗದಿಂದ ಹಣ ಬಂತು. ಏಷ್ಯಾದಲ್ಲಿ ವಲಸೆ ಪ್ರಾಣಿಗಳ ರೋಗಗಳನ್ನು ಸಮೀಕ್ಷೆ ಮಾಡುವ ಅದರದೊಂದು ಯೋಜನೆಯಿತ್ತು. ವಿಯೆಟ್ನಾಂ ಯುದ್ಧದ ಕಾಲ ಅದು. ಫೋರ್ಟ್ ಡೆಟ್ರಿಕ್‌ನಲ್ಲಿ ರೋಗಾಣು ಅಸ್ತ್ರಗಳನ್ನು ತಯಾರಿಸುವ ಕಾರ್ಯಕ್ರಮವನ್ನು ಅಮೆರಿಕ 1969ರ ತನಕ ನಡೆಸುತ್ತಿತ್ತು. ಅದೇ ಸುಮಾರಿಗೆ ದೆಹಲಿಯಲ್ಲಿ ಅಮೆರಿಕದ ಹಣದಿಂದ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಯೋಗದಲ್ಲಿ ಸೊಳ್ಳೆಗಳ ತಳಿ ನಿಯಂತ್ರಣದ ಘಟಕ ಶುರುವಾಗಿತ್ತು. ಅದು ಕೈಗೆತ್ತಿಕೊಂಡ ಸೊಳ್ಳೆಗಳಲ್ಲಿ ಹಳದಿ ಜ್ವರ ಹರಡುವ ಈಡಿಸ್ ಕೂಡ ಒಂದು. 1974ರಲ್ಲಿ ಪಿಟಿಐ ಸುದ್ದಿಸಂಸ್ಥೆ ಇವನ್ನೆಲ್ಲ ಪ್ರಶ್ನಿಸಿ ವರದಿ ಮಾಡಿತು. 1975ರ ಏಪ್ರಿಲ್‌ನಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ತನ್ನ 167ನೆಯ ವರದಿಯಲ್ಲಿ ಇಂಥ ಯೋಜನೆಗಳ ಹಿಂದೆ ಜೈವಿಕ ಯುದ್ಧದ ಲೆಕ್ಕಾಚಾರ ಇದ್ದಿರಬಹುದೆಂಬ ಶಂಕೆ ದಾಖಲಿಸಿತು. ಸೊಳ್ಳೆ ಘಟಕ ಆ ವರ್ಷವೇ ಮುಚ್ಚಿತು. ಪತ್ರಿಕೆಗಳ ಬಾಣ ಸಾಲಿಂ ಅಲಿಯವರ ಕಡೆಗೂ ತಿರುಗಿತು.

ಸಾಲಿಂ ಅಲಿ ರೋಗಾಣು ಯುದ್ಧಕ್ಕೆ ಹಕ್ಕಿ ಹಿಡಿದರು ಎಂದು ನಾನು ನಂಬುವುದಿಲ್ಲ. ಅದಕ್ಕೆ ಸಾಕ್ಷ್ಯವಿಲ್ಲ, ಅವರ ಜೀವಮಾನದ ಕೆಲಸ ನಮ್ಮ ಕಣ್ಣ ಮುಂದಿದೆ. ಆದರೆ ಪ್ರಶ್ನೆ ಕೇಳಿದವರನ್ನು ಮೂಢರೆಂದು ತಳ್ಳಿಹಾಕುವುದೂ ಸರಿಯಲ್ಲ. ಸೇನೆಯ ಹಣದಿಂದ ರೋಗಾಣುಗಳ ದಾರಿ ಹುಡುಕುವ ಅಧ್ಯಯನ ನಡೆದಿದ್ದರೆ ಅದನ್ನು ಕೇಳುವ ಹಕ್ಕು ಸಂಸತ್ತಿಗಿದೆ, ನಿಮಗೂ ನನಗೂ ಇದೆ. ಹಣ ಎಲ್ಲಿಂದ, ಸಂಗ್ರಹಿಸಿದ ಮಾಹಿತಿ ಯಾರ ಕೈಗೆ ಎಂಬುದನ್ನು ಮೊದಲ ದಿನವೇ ಬಹಿರಂಗವಾಗಿ ಹೇಳಿದ್ದರೆ ಇಷ್ಟು ಶಂಕೆ ಹುಟ್ಟುತ್ತಿರಲಿಲ್ಲ. ಶಂಕೆಗೆ ಬೆಲೆ ತೆತ್ತದ್ದು ವಿಜ್ಞಾನ. ವಿದೇಶಿ ಸಹಯೋಗದ ಸಂಶೋಧನೆ ಎಂದರೆ ಮೊದಲು ಅನುಮಾನ, ಆಮೇಲೆ ವಿಚಾರಣೆ ಎನ್ನುವ ವಾತಾವರಣ ಬಹುಕಾಲ ಉಳಿಯಿತು.

ಮೊದಲೇ ಬಹಿರಂಗವಾಗಿ ಹೇಳದ ಇದೇ ತಪ್ಪು ಕೋವಿಡ್ ಕಾಲದಲ್ಲಿ ಮರುಕಳಿಸಿದ್ದು ನನಗೆ ನೋವಿನ ಸಂಗತಿ. 2020ರ ಫೆಬ್ರವರಿಯಲ್ಲಿ 27 ವಿಜ್ಞಾನಿಗಳು 'ದಿ ಲ್ಯಾನ್ಸೆಟ್' ಪತ್ರಿಕೆಯಲ್ಲಿ, ವೈರಸ್ಸಿಗೆ ಸಹಜ ಮೂಲವಿಲ್ಲ ಎಂಬ ಮಾತುಗಳನ್ನು ಪಿತೂರಿಯ ಕಥೆಗಳೆಂದು ಖಂಡಿಸಿದರು. ಅದನ್ನು ಸಂಘಟಿಸಿದ ಪೀಟರ್ ಡಾಜಕ್ ಅವರ ಸಂಸ್ಥೆ ವುಹಾನಿನ ವೈರಾಣು ಸಂಸ್ಥೆಯೊಂದಿಗೆ ಸಂಶೋಧನೆ ನಡೆಸಿತ್ತು, ಅಲ್ಲಿಗೆ ಅನುದಾನ ಹರಿಸಿತ್ತು. ಆ ಹೇಳಿಕೆಯಲ್ಲಿ ಇದರ ಸುಳಿವಿರಲಿಲ್ಲ. 2021ರ ಜೂನಿನಲ್ಲಿ ಪತ್ರಿಕೆ ಅದನ್ನು ಅನುಬಂಧವಾಗಿ ಸೇರಿಸಬೇಕಾಯಿತು. ಅಷ್ಟರಲ್ಲಿ ಆಗಬೇಕಾದ ಹಾನಿ ಆಗಿತ್ತು. ಪ್ರಾಣಿಯಿಂದ ಬಂತು ಎನ್ನುವವರ ಮಾತು ನಿಜವೇ ಇದ್ದರೂ ಜನ ಅದನ್ನು ಸ್ವಾರ್ಥದ ಮಾತೆಂದು ಕೇಳತೊಡಗಿದರು.

ಪ್ರಯೋಗಾಲಯದಿಂದ ವೈರಸ್ ತಪ್ಪಿಸಿಕೊಳ್ಳಬಹುದು ಎಂಬ ಮಾತೇ ಮೂರ್ಖತನವೇನೂ ಅಲ್ಲ. 1977ರಲ್ಲಿ ಮರಳಿ ಬಂದ ಎಚ್1ಎನ್1 ಫ್ಲೂ ವೈರಸ್ 1950ರ ಸುಮಾರಿನ ತಳಿಗಳನ್ನು ಬಹುಪಾಲು ಹಾಗೇ ಹೋಲುತ್ತಿತ್ತು. ಇಪ್ಪತ್ತೇಳು ವರ್ಷ ಜನರ ನಡುವೆ ಓಡಾಡಿದ ವೈರಸ್ ಹಾಗೆ ಬದಲಾಗದೆ ಉಳಿಯುವುದಿಲ್ಲ. ಯಾವುದೋ ಶೈತ್ಯಪೆಟ್ಟಿಗೆಯಿಂದಲೋ ಲಸಿಕೆಯ ಪ್ರಯೋಗದಿಂದಲೋ ಹೊರಬಿದ್ದಿರಬೇಕು ಎಂದು ಬಹಳ ವಿಜ್ಞಾನಿಗಳು ಒಪ್ಪುತ್ತಾರೆ. ಸಾರ್ಸ್ ವೈರಸ್ 2003, 2004ರಲ್ಲಿ ಸಿಂಗಪುರ, ತೈಪೆ, ಬೀಜಿಂಗ್‌ಗಳ ಪ್ರಯೋಗಾಲಯಗಳಲ್ಲಿ ಸಿಬ್ಬಂದಿಗೆ ಅಂಟಿತ್ತು. ನಮ್ಮ ಮಂಗನ ಕಾಯಿಲೆಯ ವೈರಸ್ಸೇ ಪ್ರಯೋಗಾಲಯದ ಅನೇಕರನ್ನು ಮಲಗಿಸಿದೆ. ಆ ಕಾರಣಕ್ಕೇ ಪುಣೆಯಲ್ಲಿ ಅದರ ಮೇಲಿನ ಕೆಲಸ ಬಹುಕಾಲ ನಿಂತಿತ್ತು. ಆದ್ದರಿಂದ ಪ್ರಶ್ನೆ ನ್ಯಾಯವಾದದ್ದು. ಉತ್ತರ ಮಾತ್ರ ಸಾಕ್ಷ್ಯದಿಂದ ಬರಬೇಕು.

ಆತುರದ ಇನ್ನೊಂದು ಮುಖವೂ ನಮ್ಮ ದೇಶದ್ದೇ. 2020ರ ಜನವರಿ 31ರಂದು ದೆಹಲಿಯ ಸಂಶೋಧಕರ ತಂಡವೊಂದು, ಹೊಸ ವೈರಸ್ಸಿನ ಮುಳ್ಳು ಪ್ರೋಟೀನಿನಲ್ಲಿ ಎಚ್‌ಐವಿಯನ್ನು ಹೋಲುವ ತುಣುಕುಗಳಿವೆ, ಇದು ಆಕಸ್ಮಿಕವಿರಲಾರದು ಎಂಬ ಕರಡು ಪ್ರಬಂಧವನ್ನು ಅಂತರ್ಜಾಲಕ್ಕೆ ಹಾಕಿತು. ಆ ತುಣುಕುಗಳು ಎಷ್ಟು ಚಿಕ್ಕವೆಂದರೆ ಬೇರೆ ಎಷ್ಟೋ ಜೀವಿಗಳಲ್ಲೂ ಸಿಗುತ್ತವೆ ಎಂದು ಜಗತ್ತಿನ ವಿಜ್ಞಾನಿಗಳು ಗಂಟೆಗಳೊಳಗೆ ತೋರಿಸಿದರು. ಎರಡು ದಿನದಲ್ಲಿ ಪ್ರಬಂಧವನ್ನು ಹಿಂತೆಗೆದುಕೊಂಡರು. ಹಿಂತೆಗೆದುಕೊಂಡದ್ದು ಗೌರವದ ನಡೆ. ಆದರೆ ಪ್ರಬಂಧ ಹೋದರೂ ಮಾತು ಉಳಿಯಿತು, ವಾಟ್ಸ್ಆ್ಯಪ್‌ನಲ್ಲಿ ಇಂದಿಗೂ ಓಡಾಡುತ್ತಿದೆ.

ಇವರ ನಡುವೆ ನನಗೆ ಮಾದರಿಯಾಗಿ ಕಾಣುವುದು ಮೈಕೆಲ್ ವೊರೊಬಿ. 2021ರ ಮೇ ತಿಂಗಳಲ್ಲಿ 'ಸೈನ್ಸ್' ಪತ್ರಿಕೆಗೆ ಹದಿನೆಂಟು ವಿಜ್ಞಾನಿಗಳು ಪತ್ರ ಬರೆದು, ಎರಡೂ ಸಾಧ್ಯತೆಗಳನ್ನು ಸರಿಸಮವಾಗಿ ತನಿಖೆ ಮಾಡಿ ಎಂದು ಕೇಳಿದರು. ವೊರೊಬಿ ಅವರಲ್ಲೊಬ್ಬರು. ಸಹಿ ಮಾಡಿ ಸುಮ್ಮನಾಗಲಿಲ್ಲ. ಮೊದಲ ರೋಗಿಗಳ ಮನೆಗಳು ವುಹಾನಿನ ನಕ್ಷೆಯಲ್ಲಿ ಎಲ್ಲೆಲ್ಲಿವೆ ಎಂದು ಗುರುತು ಹಾಕಿದರು. ಮಾರುಕಟ್ಟೆಯೊಂದಿಗೆ ಸಂಬಂಧವಿಲ್ಲದ ರೋಗಿಗಳ ಮನೆಗಳೂ ಆ ಮಾರುಕಟ್ಟೆಯ ಸುತ್ತಲೇ ಕೂಡಿಕೊಂಡಿದ್ದವು. ಜೀವಂತ ಪ್ರಾಣಿ ಮಾರುತ್ತಿದ್ದ ಮೂಲೆಯಲ್ಲಿ ವೈರಸ್ಸಿನ ಕುರುಹು ಹೆಚ್ಚಾಗಿತ್ತು. 2022ರಲ್ಲಿ ಅವರು ಮತ್ತು ಸಂಗಡಿಗರು ಮಾರುಕಟ್ಟೆಯ ಕಡೆಗೆ ಬೊಟ್ಟು ಮಾಡಿ ಪ್ರಬಂಧ ಪ್ರಕಟಿಸಿದರು. ತನಿಖೆಗೆ ಒತ್ತಾಯಿಸಿದವರೇ ತನಿಖೆ ಮಾಡಿದರು, ಸಾಕ್ಷ್ಯ ಕರೆದ ಕಡೆಗೆ ನಡೆದರು. ಅವರ ವಿಶ್ಲೇಷಣೆಯನ್ನು ಒಪ್ಪದವರಿದ್ದಾರೆ. ಆದರೆ ಒಪ್ಪದವರು ಎಲ್ಲಿ ಒಪ್ಪುವುದಿಲ್ಲ ಎಂದು ತೋರಿಸಲು ಅದರಲ್ಲಿ ನಕ್ಷೆಯಿದೆ, ಲೆಕ್ಕವಿದೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಗುಂಪು 2025ರ ಜೂನಿನಲ್ಲಿ ಹೇಳಿದ್ದೂ ಇಷ್ಟೇ: ಲಭ್ಯ ಸಾಕ್ಷ್ಯದ ತೂಕ ಪ್ರಾಣಿಮೂಲದ ಕಡೆಗಿದೆ, ಕೇಳಿದ ಮಾಹಿತಿಯನ್ನು ಚೀನಾ ಕೊಡದ ಕಾರಣ ಪ್ರಯೋಗಾಲಯದ ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕಲಾಗದು.

ಮತ್ತೆ ನಮ್ಮ ಕಾಡಿಗೆ ಬರುತ್ತೇನೆ. 1982-83ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ದೊಡ್ಡ ಕಾಡನ್ನು ಬೋಳಿಸಿದ ಬೆನ್ನಲ್ಲೇ ಮಂಗನ ಕಾಯಿಲೆ ಎದ್ದಿತು. ಸಾವಿರಕ್ಕೂ ಹೆಚ್ಚು ಜನ ಮಲಗಿದರು, ನೂರಕ್ಕೂ ಹೆಚ್ಚು ಜನ ಸತ್ತರು. ಮಾರ್ಕ್ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞ ಅಲ್ಲಿನ ಜನರೊಂದಿಗೆ ಮಾತಾಡಿ 1987ರಲ್ಲಿ ಬರೆದ ಲೇಖನದಲ್ಲಿ ಇದನ್ನು ಅಭಿವೃದ್ಧಿಯ ಕಾಯಿಲೆ ಎಂದೇ ಕರೆದರು. ಕಾಡು ಕಡಿದದ್ದಕ್ಕೆ ದೈವ ಮುನಿದಿದೆ ಎಂದು ಊರವರು ಹೇಳುತ್ತಿದ್ದರು. ಊರವರ ಮಾತಿನಲ್ಲಿ ಕಾರಣದ ಸರಪಳಿ ಬೇರೆ ಇರಬಹುದು, ಆದರೆ ಕಾಡು ಕಡಿದದ್ದಕ್ಕೂ ಕಾಯಿಲೆಗೂ ಸಂಬಂಧವಿದೆ ಎಂದು ಅವರು ಸರಿಯಾಗಿಯೇ ಗುರುತಿಸಿದ್ದರು. ರೋಗಮೂಲ ಹುಡುಕುವವರು ಅಂಥ ಮಾತನ್ನು ಬರೆದುಕೊಳ್ಳಬೇಕು.

1990ರ ದಶಕದ ನಡುವೆ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಒಂದು ರಕ್ತಸ್ರಾವದ ಜ್ವರ ಕಂಡಿತು. ಅಲ್ಖುರ್ಮಾ ಎಂಬ ಆ ವೈರಸ್ ನಮ್ಮ ಕ್ಯಾಸನೂರಿನದರ ತೀರ ಹತ್ತಿರದ ಸಂಬಂಧಿ. ಅಲ್ಲಿ ಅದು ಕುರಿ, ಒಂಟೆಗಳ ಸಂಪರ್ಕದವರನ್ನು ಮುಟ್ಟುತ್ತದೆ. ಎರಡೂ ಯಾವಾಗ ಬೇರೆಯಾದವು? ಮೊದಮೊದಲ ಅಂದಾಜುಗಳು ತೀರ ಈಚೆಗೆ ಎಂದವು. 2011ರಲ್ಲಿ ಪೂರ್ಣ ಜೀನೋಮುಗಳನ್ನು ಹೋಲಿಸಿದ ಅಧ್ಯಯನ ಸುಮಾರು 700 ವರ್ಷಗಳ ಹಿಂದೆ ಎಂದಿತು. ನಮ್ಮ ವಿಜಯನಗರ ಕಟ್ಟುವ ಹೊತ್ತು ಎಂದುಕೊಳ್ಳಿ. ಅಂದಾಜು ಹೀಗೆ ಬದಲಾದದ್ದಕ್ಕೆ ಯಾರೂ ತಲೆ ತಗ್ಗಿಸಬೇಕಾಗಿಲ್ಲ, ಹೆಚ್ಚು ಸಾಕ್ಷ್ಯ ಬಂತು ಅಷ್ಟೆ. ಕಾಯಿಲೆಯಂತೂ ಹಳೆಯ ನೆಲೆಗಳನ್ನು ದಾಟಿ 2012ರಲ್ಲಿ ಬಂಡೀಪುರದಲ್ಲಿ, ಮುಂದೆ ನೀಲಗಿರಿ, ವಯನಾಡು, ಗೋವಾ, ಸಿಂಧುದುರ್ಗಗಳಲ್ಲಿ ಕಂಡಿತು. ಹೊಸದಾಗಿ ಹೋಯಿತೋ, ಮೊದಲಿನಿಂದ ಇದ್ದದ್ದು ಈಗ ಕಣ್ಣಿಗೆ ಬಿತ್ತೋ ಎಂಬುದು ಇವತ್ತಿನ ವಾದ.

ಇದೆಲ್ಲ ಮಲೆನಾಡಿನ ಕಥೆ, ನಮಗೇನು ಎಂದು ಸಿರುಗುಪ್ಪದ ಮಿತ್ರರು ಕೇಳಬಹುದು. ಬಳ್ಳಾರಿ ಜಿಲ್ಲೆ ಜಪಾನಿ ಮಿದುಳು ಜ್ವರದ ಪಟ್ಟಿಯಲ್ಲಿ ಹಿಂದಿನಿಂದಲೂ ಇದೆ. ನಮ್ಮ ಮಕ್ಕಳಿಗೆ ಅದರ ಲಸಿಕೆ ಹಾಕುತ್ತಿರುವುದು ಆ ಕಾರಣಕ್ಕೇ. ತುಂಗಭದ್ರೆಯ ಕಾಲುವೆ ನೀರಿನಿಂದ ಹಸಿರಾದ ಸಿರುಗುಪ್ಪದ ಭತ್ತದ ಗದ್ದೆ ಆ ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆಗೆ ಹೇಳಿ ಮಾಡಿಸಿದ ಜಾಗ. ಗದ್ದೆಗೆ ಇಳಿಯುವ ಬೆಳ್ಳಕ್ಕಿ, ಊರಂಚಿನ ಹಂದಿ ಇವುಗಳ ಮೈಯಲ್ಲಿ ವೈರಸ್ ಬೆಳೆಯುತ್ತದೆ, ಸೊಳ್ಳೆ ಅದನ್ನು ಮಗುವಿಗೆ ತಲುಪಿಸುತ್ತದೆ. ಅಣೆಕಟ್ಟು, ಕಾಲುವೆ ನಮ್ಮ ಬದುಕು ಹಸನಾಗಿಸಿದವು, ಅದನ್ನು ನಾನು ಮರೆತು ಮಾತಾಡುತ್ತಿಲ್ಲ. ಆದರೆ ಜ್ವರ ಬಂದು ಸೆಳೆತ ಕಂಡ ಮಗುವನ್ನು ಬಳ್ಳಾರಿಯ ದೊಡ್ಡಾಸ್ಪತ್ರೆಗೆ ತಂದಾಗ ಎಲ್ಲಿಂದ ಬಂತು ಎಂಬ ಪ್ರಶ್ನೆ ನಮ್ಮದೇ ಗದ್ದೆಯ ಬದುವಿಗೆ ಬಂದು ನಿಲ್ಲುತ್ತದೆ. ಕುರುಗೋಡು ಕಡೆಯ ಕುರಿಗಾಹಿಗಳು ಹಿಂಡಿನೊಂದಿಗೆ ಊರೂರು ಸುತ್ತುವವರು. ಯಾವ ವರ್ಷ ಉಣ್ಣಿ ಹೆಚ್ಚು, ಯಾವ ಅಡವಿಯಲ್ಲಿ ಮಂಗ ಸತ್ತಿತ್ತು ಎಂಬುದು ಮೊದಲು ಗೊತ್ತಾಗುವುದು ಅವರಿಗೆ. ಅವರನ್ನು ಕೇಳುವವರು ಯಾರೂ ಇಲ್ಲ.

1952ರಲ್ಲಿ ತೆಗೆದು ಮುಂದೆ ಸಾಕ್ಷಿ ನುಡಿದ ಆ ರಕ್ತವನ್ನು ನೆನೆದು ನನ್ನದೊಂದು ಬೇಡಿಕೆಯನ್ನು ಇಲ್ಲಿರುವ ವೈದ್ಯರ, ವಿಶ್ವವಿದ್ಯಾಲಯದವರ ಮುಂದೆ ಇಡುತ್ತೇನೆ. ಜ್ವರದ ರೋಗಿಗಳಿಂದ ಪರೀಕ್ಷೆಗೆಂದು ತೆಗೆದ ರಕ್ತದಲ್ಲಿ ಉಳಿದ ಸೀರಮ್ಮನ್ನು ಚೆಲ್ಲಬೇಡಿ. ರೋಗಿಯ ಒಪ್ಪಿಗೆ ಪಡೆದು, ಹೆಸರು ತೆಗೆದು, ಊರು, ತಿಂಗಳು, ವಯಸ್ಸು, ಕಸುಬು ಮಾತ್ರ ಬರೆದು ಮೈನಸ್ 70 ಡಿಗ್ರಿಯಲ್ಲಿ ಇಡಿ. ಅದಕ್ಕೆ ಬೇಕಾದದ್ದು ಒಂದು ಶೈತ್ಯಪೆಟ್ಟಿಗೆ, ಕರೆಂಟು ಹೋದಾಗ ಓಡುವ ಜನರೇಟರ್, ಒಂದು ರಿಜಿಸ್ಟರ್, ಅದನ್ನು ನೋಡಿಕೊಳ್ಳುವ ಒಬ್ಬರು. ಜಿಲ್ಲಾ ಖನಿಜ ನಿಧಿಯಲ್ಲಿ ಆರೋಗ್ಯಕ್ಕೆಂದು ಹಣವಿದೆ. ಸಿರುಗುಪ್ಪ ಮತ್ತು ಕುರುಗೋಡಿನ ಆಸ್ಪತ್ರೆಗಳಿಂದಲೇ ಇದನ್ನು ಶುರುಮಾಡಬಹುದು.